ಗಗನಕುಸುಮದ ಜಮಾ-ಖರ್ಚು

ಹಿಪ್ಪರಗಿಯಲ್ಲಿ ಕುಳಿತು ವಿಮಾನಯಾನದ ಮಾತನ್ನೆತ್ತುವುದು ಓದುಗರಿಗೆ ತುಸು ನಗೆ ತರಿಸಬಹುದು. ರೈಲುಗಾಡಿಯೇ ಇನ್ನೂ ನಮ್ಮ ಕಡೆಗೆ ಮುಖ ಹಾಕಿಲ್ಲ. ಬಾಗಲಕೋಟೆಯಿಂದ ಕುಡಚಿಗೆ ಬರಬೇಕಾದ ಮಾರ್ಗಕ್ಕೆ ೨೦೧೦ರ ಸುಮಾರಿನಲ್ಲಿ ಮಂಜೂರಾತಿ ದೊರೆಯಿತು. ಅಂದಿನಿಂದ ಅದು ಬರುತ್ತಲೇ ಇದೆ. ವಿಮಾನವನ್ನೇರಬೇಕೆಂದರೆ ಒಂದೋ ಬೆಳಗಾವಿಯ ಸಾಂಬ್ರಾ, ಇಲ್ಲವೇ ಹುಬ್ಬಳ್ಳಿ. ಎರಡೂ ನೂರು ಕಿಲೋಮೀಟರಿನ ಆಚೆಗೆ. ಆದರೂ ಕೃಷ್ಣೆಯ ದಂಡೆಯ ಈ ಊರುಗಳಿಂದ ಓದಿ ಹೊರಬಿದ್ದ ಮಕ್ಕಳು ಇಂದು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿದ್ದಾರೆ; ಕೆಲವರು ಸಮುದ್ರದಾಚೆಗೂ ಹೋಗಿದ್ದಾರೆ. ಅವರು ಹಬ್ಬಕ್ಕೆ ಊರಿಗೆ ಬರುವಾಗ ಚೀಲದಲ್ಲಿ ಮಿಠಾಯಿ ತರುವಂತೆ ಬಾಯಲ್ಲಿ ಹೊಸ ಹೊಸ ಮಾತುಗಳನ್ನೂ ತರುತ್ತಾರೆ. ಹೀಗಾಗಿ ವಿಮಾನದ ಗಾಲಿ ಮುಟ್ಟದ ನೆಲವನ್ನು ವಿಮಾನ ಕಂಪನಿಗಳ ಖಾತೆಪುಸ್ತಕವು ಮೊದಲೇ ಮುಟ್ಟಿಬಿಟ್ಟಿದೆ.

ನನಗೆ ಆ ಪುಸ್ತಕದ ಪರಿಚಯವಾದದ್ದು ನನ್ನ ತಂಗಿಯ ಮಗನಿಂದ. ಬೆಂಗಳೂರಿನಲ್ಲಿ ಅವನ ಉದ್ಯೋಗ. ಉದ್ಯೋಗವೆಂದರೆ ಅರ್ಧ ತಿಂಗಳು ದಿಲ್ಲಿ, ಮುಂಬಯಿ, ಕೋಲ್ಕತ್ತಗಳ ನಡುವೆ ತಿರುಗಾಟ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಬಂದವನು ಒಂದು ಸಂಜೆ ನನ್ನೊಡನೆ ಬ್ಯಾರೇಜಿನ ಕಡೆಗೆ ತಿರುಗಾಡಲು ಬಂದ. ಬಾಗಿಲುಗಳ ಹಿಂದೆ ನೀರು ತುಂಬಿ ನಿಂತಿತ್ತು. ಅದನ್ನು ನೋಡುತ್ತ ಅವನು, “ಮಾಮಾ, ಅವ್ವನ್ನ ಕಾಶಿಗಿ ವಿಮಾನದಾಗ ಕರಕೊಂಡ ಹೋಗ್ತೀನಿ. ನೀವೂ ಬರ್ರಿ. ರೊಕ್ಕ ಕೊಡೂದಿಲ್ಲ, ಮೈಲಿ ಕೂಡ್ಯಾವು” ಎಂದ. ಮೈಲಿ ಕೂಡುವುದೆಂದರೇನೆಂದು ಕೇಳಿದೆ. ಒಂದೇ ಕಂಪನಿಯ ವಿಮಾನದಲ್ಲಿ ಹಾರಿದಷ್ಟೂ ಆ ಕಂಪನಿಯವರು ನಮ್ಮ ಹೆಸರಿನಲ್ಲಿ ಮೈಲಿಗಳನ್ನು ಜಮಾ ಮಾಡುತ್ತಾರೆ. ಸಾಕಷ್ಟು ಕೂಡಿದ ಮೇಲೆ ಅವುಗಳನ್ನು ಕೊಟ್ಟು ಪುಕ್ಕಟೆ ಟಿಕೀಟು ಪಡೆಯಬಹುದು ಎಂದು ವಿವರಿಸಿದ. ಒಂಬತ್ತು ವರ್ಷ ಕೂಡಿಸಿದ್ದನಂತೆ. ಬೇರೆ ಕಂಪನಿಯ ಟಿಕೀಟು ಅಗ್ಗವಾಗಿ ದೊರೆಯುತ್ತಿದ್ದಾಗಲೂ ಅದನ್ನು ಬಿಟ್ಟು, ನಸುಕಿನ ಮೂರು ಗಂಟೆಗೆ ಎದ್ದು ಇದೇ ಕಂಪನಿಯ ವಿಮಾನವನ್ನು ಹಿಡಿದಿದ್ದನಂತೆ. ಮೂವರು ಕಾಶಿಗೆ ಹೋಗಿಬರುವಷ್ಟು ಮೈಲಿಗಳು ಆಗ ಅವನ ಖಾತೆಯಲ್ಲಿದ್ದವು.

ರಜೆ ಹೊಂದಲಿಲ್ಲ. ಮರುವರ್ಷ ರಜೆ ಹೊಂದಿತು, ಮೈಲಿಗಳು ಹೊಂದಲಿಲ್ಲ. ಖಾತೆಯಲ್ಲಿದ್ದ ಸಂಖ್ಯೆಯೇನೋ ಒಂದೂ ಕಡಿಮೆಯಾಗಿರಲಿಲ್ಲ. ಆದರೆ ಅದೇ ಪ್ರಯಾಣಕ್ಕೆ ಹಿಂದೆ ಕೇಳುತ್ತಿದ್ದುದರ ಎರಡು ಪಟ್ಟಿಗೂ ಹೆಚ್ಚು ಮೈಲಿಗಳನ್ನು ಕಂಪನಿ ಈಗ ಕೇಳುತ್ತಿತ್ತು. ಮೂರು ಟಿಕೀಟುಗಳು ಕರಗಿ ಒಂದೂ ಕಾಲು ಟಿಕೀಟಾಗಿದ್ದವು. ಕಾಲು ಟಿಕೀಟಿನಲ್ಲಿ ಕಾಶಿಗೆ ಹೋಗುವವರಾರು? ಹುಡುಗ ಕಂಪನಿಗೆ ಕಾಗದ ಬರೆದ. “ತಾವು ನಮ್ಮ ಅಮೂಲ್ಯ ಸದಸ್ಯರು” ಎಂದು ಆರಂಭವಾದ ಉತ್ತರವು, ನಿಯಮಗಳನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕನ್ನು ಕಂಪನಿ ಮೊದಲೇ ಕಾದಿರಿಸಿಕೊಂಡಿದೆಯೆಂಬ ಮಾತಿನಿಂದ ಮುಗಿದಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ. ಹೆಸರು ಯಾವುದಾದರೂ ಉತ್ತರ ಬಹುಶಃ ಅದೇ ಆಗುತ್ತಿತ್ತು.

ಅಂದಿನಿಂದ ಈ ಮೈಲಿಗಳ ಹಿಂದೆ ಬಿದ್ದು ಓದತೊಡಗಿದೆ. ಓದಿದಂತೆಲ್ಲ ಇದು ನಮ್ಮ ಹುಡುಗನೊಬ್ಬನ ದುಃಖವಲ್ಲವೆಂದೂ ನಾಲ್ಕು ದಶಕಗಳಷ್ಟು ಹಳೆಯದಾದ, ಲೋಕವ್ಯಾಪಿಯಾದ ಮನಸ್ತಾಪವೆಂದೂ ತಿಳಿಯಿತು.

ಇದರ ಹುಟ್ಟು ಅಮೆರಿಕದಲ್ಲಿ. ೧೯೭೮ರಲ್ಲಿ ಅಲ್ಲಿಯ ಸರಕಾರ ವಿಮಾನದರಗಳ ಮೇಲಿನ ಹಿಡಿತವನ್ನು ಸಡಿಲಿಸಿತು. ಕಂಪನಿಗಳ ನಡುವೆ ಪೈಪೋಟಿ ಬೆಳೆಯಿತು. ಪ್ರಯಾಣಿಕನನ್ನು ತಮ್ಮಲ್ಲಿಯೇ ಕಟ್ಟಿಹಾಕುವ ಉಪಾಯವೇನೆಂದು ಯೋಚಿಸಿದ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ೧೯೮೧ರ ಮೇ ೧ರಂದು ‘ಎ-ಅಡ್ವಾಂಟೇಜ್’ ಎಂಬ ಯೋಜನೆಯನ್ನು ತೆರೆಯಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯೂ ಅದೇ ದಾರಿ ಹಿಡಿಯಿತು. ಆಗಿನ ಲೆಕ್ಕ ಕಂಪನಿಗೂ ಕಷ್ಟದ್ದಲ್ಲ. ಆ ದಿನಗಳಲ್ಲಿ ಅಲ್ಲಿಯ ವಿಮಾನಗಳಲ್ಲಿ ನೂರಕ್ಕೆ ಸುಮಾರು ೪೦ ಆಸನಗಳು ಖಾಲಿಯಾಗಿಯೇ ಹಾರುತ್ತಿದ್ದವು. ಹೇಗಿದ್ದರೂ ಖಾಲಿ ಹೋಗುವ ಆಸನದಲ್ಲಿ ಹಳೆಯ ಗಿರಾಕಿಯೊಬ್ಬನನ್ನು ಕುಳ್ಳಿರಿಸಿದರೆ ಹೋಗುವುದೇನು? ಒಂದಿಷ್ಟು ಎಣ್ಣೆ, ಒಂದು ಊಟದ ತಟ್ಟೆ. ನಮ್ಮ ಸಂತೆಯಲ್ಲಿ ಕಾಯಿಪಲ್ಲೆಯವಳು ತೂಕವಾದ ಮೇಲೆ ಕೈಯಿಂದ ಹಿಡಿ ಕೊತ್ತಂಬರಿ ಹಾಕುವುದಿಲ್ಲವೇ, ಅಂಥದೇ ಇದು.

ಆದರೆ ಕೊತ್ತಂಬರಿಗೆ ಯಾರೂ ಖಾತೆ ತೆರೆಯುವುದಿಲ್ಲ. ಇಲ್ಲಿ ತೆರೆದರು, ಸದಸ್ಯತ್ವದ ಸಂಖ್ಯೆ ಕೊಟ್ಟರು, ತಿಂಗಳಿಗೊಮ್ಮೆ ಶಿಲ್ಕು ತಿಳಿಸಿದರು, ಬೆಳ್ಳಿ, ಬಂಗಾರ, ಪ್ಲಾಟಿನಂ ಎಂದು ಪಂಕ್ತಿಭೇದವನ್ನೂ ಮಾಡಿದರು. ಹೀಗೆ ಮಾಡಿದ ಮೇಲೆ ಪ್ರಯಾಣಿಕನು ಕೊಸರನ್ನು ಕೊಸರೆಂದು ಎಣಿಸದೆ ಗಳಿಕೆಯೆಂದು ಎಣಿಸಿದರೆ ತಪ್ಪು ಅವನದೇ? ಉಳಿತಾಯದ ಬ್ಯಾಂಕಿನ ವೇಷವನ್ನೆಲ್ಲ ತೊಟ್ಟು ನಿಂತ ಮೇಲೆ, ನೀನೇಕೆ ನನ್ನನ್ನು ಬ್ಯಾಂಕೆಂದು ನಂಬಿದೆಯೆಂದು ಕೇಳುವುದು ನ್ಯಾಯವಾಗಿ ತೋರುವುದಿಲ್ಲ.

ಮೊದಲ ಜಗಳ ಬೇಗನೆ ಬಂತು. ೧೯೮೮ರಲ್ಲಿ ಅಮೆರಿಕನ್ ಸಂಸ್ಥೆ ತನ್ನ ನಿಯಮಗಳನ್ನು ಬದಲಿಸಿ, ಇಂತಿಂಥ ದಿನಗಳಲ್ಲಿ ಪುಕ್ಕಟೆ ಪ್ರಯಾಣವಿಲ್ಲ, ಒಂದು ವಿಮಾನದಲ್ಲಿ ಇಷ್ಟೇ ಪುಕ್ಕಟೆ ಆಸನಗಳು ಎಂದು ಕಟ್ಟು ಹಾಕಿತು. ಮುಂದೆ ಗಳಿಸುವ ಮೈಲಿಗಳಿಗಷ್ಟೇ ಅಲ್ಲ, ಆಗಲೇ ಗಳಿಸಿಟ್ಟಿದ್ದವುಗಳಿಗೂ ಆ ಕಟ್ಟು ಅನ್ವಯಿಸಿತು. ಸದಸ್ಯರು ಇಲಿನಾಯ್ ರಾಜ್ಯದ ನ್ಯಾಯಾಲಯಕ್ಕೆ ಹೋದರು. ವೊಲೆನ್ಸ್ ಮೊಕದ್ದಮೆಯೆಂದು ಹೆಸರಾದ ಅದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ ೧೯೯೫ರಲ್ಲಿ ತೀರ್ಮಾನವಾಯಿತು. ಗ್ರಾಹಕವಂಚನೆಯೆಂಬ ರಾಜ್ಯದ ಕಾನೂನಿನಡಿ ದಾವೆ ನಡೆಯದು, ಆದರೆ ಕೊಟ್ಟ ಕರಾರನ್ನು ಮುರಿದರೆಂದು ದಾವೆ ಹೂಡಬಹುದು ಎಂಬುದು ತೀರ್ಪು. ಸದಸ್ಯರಿಗೆ ಇದು ಅರ್ಧ ಜಯ; ಆದರೆ ಕರಾರನ್ನು ಬರೆದವರು ಯಾರು? ಕಂಪನಿಯವರೇ. ಮುರಿದೆವೆಂದು ಯಾರೂ ಹೇಳಲಾಗದಂತೆ ಮುಂದಿನ ಕರಾರುಗಳನ್ನು ಬರೆಯಿಸಿಕೊಳ್ಳುವುದು ಅವರಿಗೆ ಎಷ್ಟರ ಕೆಲಸ?

ಎರಡನೆಯ ಪ್ರಸಂಗ ಇನ್ನೂ ಸ್ವಾರಸ್ಯವಾದುದು. ಮಿನೆಸೋಟದ ಗಿನ್ಸ್‌ಬರ್ಗ್ ಎಂಬ ಯಹೂದಿ ಧರ್ಮಗುರು ನಾರ್ತ್‌ವೆಸ್ಟ್ ಸಂಸ್ಥೆಯ ಯೋಜನೆಯಲ್ಲಿ ಅತ್ಯುಚ್ಚ ಪಂಕ್ತಿಯ ಸದಸ್ಯ. ೨೦೦೮ರಲ್ಲಿ ಸಂಸ್ಥೆ ಅವರನ್ನು ಯೋಜನೆಯಿಂದಲೇ ಹೊರಹಾಕಿತು. ಅವರ ಅಪರಾಧವೇನು? ಅತಿಯಾಗಿ ದೂರು ಕೊಟ್ಟದ್ದು. ಕೆಲವೇ ತಿಂಗಳುಗಳಲ್ಲಿ ೨೪ ಬಾರಿ ಗ್ರಾಹಕಸೇವಾ ಕಚೇರಿಗೆ ಮೊರೆಯಿಟ್ಟರೆಂದು ಸಂಸ್ಥೆ ಲೆಕ್ಕ ಕೊಟ್ಟಿತು. ಯೋಜನೆಯ ದುರುಪಯೋಗ ಯಾವುದೆಂಬುದನ್ನು ಸಂಸ್ಥೆಯೊಂದೇ ತನ್ನ ವಿವೇಚನೆಯಿಂದ ನಿರ್ಧರಿಸತಕ್ಕದ್ದೆಂದು ನಿಯಮಾವಳಿಯಲ್ಲಿ ಬರೆದಿತ್ತು. ಸದ್ಭಾವನೆಯಿಂದ ನಡೆಯತಕ್ಕದ್ದೆಂಬ ಮಾತು ಪ್ರತಿಯೊಂದು ಕರಾರಿನಲ್ಲಿಯೂ ಅಧ್ಯಾಹಾರವಾಗಿ ಇರುವುದಷ್ಟೆ ಎಂಬುದು ಧರ್ಮಗುರುಗಳ ವಾದ. ಬರೆಯದೆ ಇದ್ದ ಆ ಮಾತಿನ ಬಲದ ಮೇಲೆ ಈ ದಾವೆ ನಿಲ್ಲದೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಹೇಳಿತು. ವಿಮಾನಕಾನೂನಿನ ಸೂಕ್ಷ್ಮ ನನಗೆ ತಿಳಿಯದು. ತೀರ್ಪನ್ನು ಓದಿದ ಮೇಲೆ ಮಾತ್ರ ನಮ್ಮ ಹುಡುಗ ಒಂದೇ ಕಾಗದ ಬರೆದು ಸುಮ್ಮನಾದದ್ದು ಲೇಸಾಯಿತೆನ್ನಿಸಿತು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಕರ್ನಾಟಕದವರಿಗೆ ಈ ವಿಷಯದಲ್ಲಿ ಮರೆಯಲಾಗದ ಪಾಠವನ್ನು ಕಲಿಸಿದ್ದು ಬೆಂಗಳೂರಿನ ಕಿಂಗ್‌ಫಿಷರ್ ಸಂಸ್ಥೆ. ೨೦೦೫ರ ಮೇ ತಿಂಗಳಲ್ಲಿ ಅದರ ವಿಮಾನಗಳು ಹಾರತೊಡಗಿದಾಗ ಅದರ ವೈಭವವೇನು, ಉಪಚಾರವೇನು! ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಬಡವನೂ ಹಾರಲೆಂದು ೨೦೦೩ರಲ್ಲಿ ಆರಂಭಿಸಿದ್ದ ಏರ್ ಡೆಕ್ಕನ್ ಕೂಡ ಮುಂದೆ ಅದರಲ್ಲಿಯೇ ವಿಲೀನವಾಯಿತು. ‘ಕಿಂಗ್ ಕ್ಲಬ್’ ಎಂಬ ಅದರ ಯೋಜನೆಯಲ್ಲಿ ಮೈಲಿ ಕೂಡಿಸಿದವರು ಅನೇಕರು. ೨೦೧೨ರ ಅಕ್ಟೋಬರಿನಲ್ಲಿ ಅದರ ವಿಮಾನಗಳು ನೆಲಕ್ಕಿಳಿದವು. ಅದೇ ತಿಂಗಳು ಅದರ ಪರವಾನಗಿ ಅಮಾನತಾಯಿತು. ರಾಜರ ಕ್ಲಬ್ಬಿನ ಮೈಲಿಗಳು ರಾಜ್ಯವಿಲ್ಲದ ರಾಜನ ನಾಣ್ಯಗಳಾದವು. ಸಂಬಳ ಕಾಣದೆ ತಿಂಗಳುಗಟ್ಟಲೆ ಕಳೆದ ನೌಕರರ ಸಂಕಟದ ಮುಂದೆ ಮೈಲಿ ಕಳೆದುಕೊಂಡವರ ಅಳಲು ಸಣ್ಣದು. ಅದನ್ನು ಆ ಸದಸ್ಯರೇ ಒಪ್ಪಿಯಾರು.

ಜೆಟ್ ಏರ್‌ವೇಸ್ ೨೦೧೯ರ ಏಪ್ರಿಲ್ ೧೭ರಂದು ತನ್ನ ಹಾರಾಟವನ್ನು ನಿಲ್ಲಿಸಿದಾಗ ಕಥೆ ಬೇರೆಯಾಯಿತು. ಅದರ ಮೈಲಿ ಯೋಜನೆ ಪ್ರತ್ಯೇಕ ಕಂಪನಿಯಾಗಿದ್ದುದರಿಂದ ವಿಮಾನಗಳು ಸತ್ತರೂ ಮೈಲಿಗಳು ಬದುಕಿದವು. ಅದೇ ವರ್ಷ ‘ಇಂಟರ್‌ಮೈಲ್ಸ್’ ಎಂದು ಹೆಸರನ್ನೂ ಬದಲಿಸಿಕೊಂಡವು. ಗುಡಿ ಬಿದ್ದ ಮೇಲೂ ಹುಂಡಿ ಉಳಿದಂತೆ. ವಿಸ್ತಾರ ಸಂಸ್ಥೆ ೨೦೨೪ರ ನವೆಂಬರ್ ೧೨ರಂದು ಏರ್ ಇಂಡಿಯದಲ್ಲಿ ವಿಲೀನವಾದಾಗ ಅದರ ಸದಸ್ಯರ ಅಂಕಗಳನ್ನು ಒಂದಕ್ಕೊಂದರಂತೆ ಹೊಸ ಖಾತೆಗೆ ವರ್ಗಾಯಿಸಿದರು. ಸಂಖ್ಯೆ ಸರಿಯಾಗಿ ಬಂದಿತೆಂಬುದು ನಿಜ. ಆದರೆ ಸಂಖ್ಯೆ ಸರಿಯಾಗಿದ್ದ ಮಾತ್ರಕ್ಕೆ ಬೆಲೆ ಸರಿಯಾಗಿರುವುದೆಂಬ ಭ್ರಮೆ, ಕಾಲು ಟಿಕೀಟನ್ನು ಕಂಡ ನಮ್ಮ ಮನೆಯವರಲ್ಲಿ ಉಳಿದಿಲ್ಲ. ಇದರ ನಡುವೆ ಇಂಡಿಗೊ ಸಂಸ್ಥೆಯ ನಡತೆಯನ್ನು ನೋಡಿ: ೨೦೦೬ರಿಂದ ಹಾರುತ್ತಿದ್ದರೂ ೨೦೨೪ರವರೆಗೆ ಇಂಥ ಯಾವ ಯೋಜನೆಯನ್ನೂ ಇಟ್ಟುಕೊಳ್ಳದೆ ದೇಶದ ಅತಿ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ವಾಗ್ದಾನ ಮಾಡದವನು ವಚನಭ್ರಷ್ಟನಾಗುವ ಭಯವಿಲ್ಲ!

ಕಂಪನಿಗಳ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹಾರಿದವನಿಗೆ ಮಾತ್ರ ಮೈಲಿ ಎಂಬ ಕಾಲ ಎಂದೋ ಹೋಯಿತು. ಇಂದು ಬ್ಯಾಂಕುಗಳು ವಿಮಾನ ಕಂಪನಿಗಳಿಂದ ಮೈಲಿಗಳನ್ನು ಸಗಟಾಗಿ ಕೊಂಡು ತಮ್ಮ ಕ್ರೆಡಿಟ್ ಕಾರ್ಡಿನ ಗಿರಾಕಿಗಳಿಗೆ ಹಂಚುತ್ತವೆ. ಸೀರೆ ಕೊಂಡರೆ ಮೈಲಿ, ಪೆಟ್ರೋಲು ಹಾಕಿಸಿದರೆ ಮೈಲಿ. ನೆಲದ ಮೇಲೆ ಕುಳಿತೇ ಗಳಿಸಿದ ಮೈಲಿಗಳ ರಾಶಿ ಒಂದು ಕಡೆ. ಖಾಲಿ ಆಸನಗಳ ಅಭಾವ ಇನ್ನೊಂದು ಕಡೆ, ಏಕೆಂದರೆ ಈಗಿನ ವಿಮಾನಗಳು ನೂರಕ್ಕೆ ೮೦ಕ್ಕೂ ಮಿಕ್ಕಿ ತುಂಬಿ ಹಾರುತ್ತವೆ. ಟಂಕಸಾಲೆಯವನು ಹಗಲಿರುಳು ನಾಣ್ಯ ಹೊಡೆದರೆ ಸಂತೆಯಲ್ಲಿ ಜೋಳದ ಬೆಲೆ ಏರದೆ ಇದ್ದೀತೆ? ಇದು ಒಪ್ಪತಕ್ಕ ಮಾತೇ. ಆದರೆ ಟಂಕಸಾಲೆಯ ಕೀಲಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. ನಾಣ್ಯ ಹೊಡೆದು ಮಾರಿ ಲಾಭ ಗಳಿಸಿದವನೇ ಬೆಲೆಯೇರಿಕೆಗೆ ನಾನೇನು ಮಾಡಲೆಂದರೆ ಹೇಗೆ?

ಲಾಭವೂ ಸಾಮಾನ್ಯವಾದುದಲ್ಲ. ೨೦೨೦ರಲ್ಲಿ ಮಹಾಮಾರಿಯಿಂದ ವಿಮಾನಗಳೆಲ್ಲ ನಿಂತಾಗ ಯುನೈಟೆಡ್ ಸಂಸ್ಥೆ ತನ್ನ ಮೈಲಿ ಯೋಜನೆಯನ್ನೇ ಒತ್ತೆಯಿಟ್ಟು ೫೦೦ ಕೋಟಿ ಡಾಲರಿಗೂ ಮಿಕ್ಕಿದ ಸಾಲವೆತ್ತಿತು. ಆಗ ಆ ಯೋಜನೆಗೆ ಕಟ್ಟಿದ ಬೆಲೆ ಸುಮಾರು ೨,೨೦೦ ಕೋಟಿ ಡಾಲರು. ಅಂದಿನ ಪೇಟೆಯಲ್ಲಿ ಇಡೀ ಸಂಸ್ಥೆಯ ಷೇರುಗಳ ಬೆಲೆಗಿಂತ ಅದು ಹೆಚ್ಚಾಗಿತ್ತು. ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಜಮಾ-ಖರ್ಚಿನ ರೀತಿ. ನಮ್ಮ ದೇಶದಲ್ಲಿ ೨೦೧೮ರ ಏಪ್ರಿಲಿನಿಂದ ಜಾರಿಯಲ್ಲಿರುವ ಲೆಕ್ಕಪತ್ರದ ನಿಯಮದಂತೆ, ಟಿಕೀಟಿನ ಹಣದಲ್ಲಿ ಮೈಲಿಗಳಿಗೆ ಸೇರಿದ ಪಾಲನ್ನು ಕಂಪನಿ ಕೂಡಲೇ ಆದಾಯವೆಂದು ತೋರಿಸುವಂತಿಲ್ಲ. ಪ್ರಯಾಣಿಕನಿಗೆ ತೀರಿಸಬೇಕಾದ ಋಣವೆಂದು ಹೊಣೆಗಾರಿಕೆಯ ಬದಿಗೆ ಬರೆಯಬೇಕು. ಎಂದರೆ, ಲೆಕ್ಕಪರಿಶೋಧಕನೆದುರಿಗೆ ಅದು ಸಾಲ. ಸದಸ್ಯನೆದುರಿಗೆ ಅದು ಕಂಪನಿಯ ಕೃಪೆ. ನಿಯಮಾವಳಿಗಳಲ್ಲಿ ಬಹುಶಃ ಎಲ್ಲೆಡೆಯೂ ಮೈಲಿಗಳು ಸದಸ್ಯನ ಸ್ವತ್ತಲ್ಲವೆಂದು ಬರೆದಿರುತ್ತದೆ. ಒಂದೇ ವಸ್ತುವಿಗೆ ಒಂದೇ ಮನೆಯಲ್ಲಿ ಎರಡು ಹೆಸರು! ಸದಸ್ಯರಲ್ಲಿ ಇಂತಿಷ್ಟು ಜನ ಎಂದೂ ಕೇಳಲು ಬರಲಾರರೆಂದು ಅಂದಾಜು ಮಾಡಿ, ಆ ಪಾಲನ್ನು ಲಾಭಕ್ಕೆ ಸೇರಿಸಿಕೊಳ್ಳುವುದಕ್ಕೂ ಅಲ್ಲಿ ಅವಕಾಶವುಂಟು. ಮರೆವಿಗೂ ಬೆಲೆ ಕಟ್ಟುವವರಿದ್ದಾರೆ.

ಚಿತ್ರಗುಪ್ತನ ಪುಸ್ತಕವೂ ಏಕಪಕ್ಷೀಯವೇ, ನಮಗೆ ತೋರಿಸದೆ ಬರೆಯುವಂಥದೇ. ಆದರೆ ಹಿಂದಿನ ವರ್ಷದ ಪುಣ್ಯಕ್ಕೆ ಈ ವರ್ಷದಿಂದ ಅರ್ಧ ಬೆಲೆಯೆಂದು ಅವನು ಸುತ್ತೋಲೆ ಕಳಿಸಿದ್ದನ್ನು ಯಾವ ಪುರಾಣವೂ ಹೇಳಿಲ್ಲ.

ಅಳತೆಯನ್ನು ಬದಲಿಸಬಾರದೆಂದು ನಾನು ಹೇಳುತ್ತಿಲ್ಲ. ೧೯೫೭ರ ಏಪ್ರಿಲ್ ೧ರಂದು ಸರಕಾರವು ಆಣೆ-ಪೈಗಳನ್ನು ಬಿಟ್ಟು ನಯೇಪೈಸೆಯನ್ನು ತಂದಿತು. ೧೬ ಆಣೆಯ ರೂಪಾಯಿ ೧೦೦ ಪೈಸೆಯದಾಯಿತು. ಪೇಟೆಯಲ್ಲಿ ಒಂದೆರಡು ಪೈಸೆಯ ವ್ಯತ್ಯಾಸಕ್ಕೆ ವಾದಗಳಾಗಿದ್ದಿರಬೇಕು. ಆದರೆ ಅಜ್ಜಿಯ ಗಡಿಗೆಯಲ್ಲಿದ್ದ ರೂಪಾಯಿ ಮರುದಿನವೂ ರೂಪಾಯಿಯಾಗಿಯೇ ಉಳಿದಿತ್ತು. ಅಳತೆ ಬದಲಾದರೂ ಬೆಲೆ ಬದಲಾಗದಂತೆ ಕಾಯ್ದದ್ದು ಅಲ್ಲಿಯ ಧರ್ಮ. ಇಲ್ಲಿ ಅಳತೆ ಹಾಗೆಯೇ ಇರುತ್ತದೆ, ಬೆಲೆ ಒಂದು ಬೆಳಗಾಗುವುದರಲ್ಲಿ ಇಳಿಯುತ್ತದೆ.

ಇದೆಲ್ಲ ಹೊಟ್ಟೆ ತುಂಬಿದವರ ದುಃಖವೆಂದು ನಮ್ಮ ಬನಹಟ್ಟಿಯ ನೇಕಾರನೊಬ್ಬ ಮೂಗು ಮುರಿದಾನು. ಅವನಿಗೆ ಜೇಬಿನಲ್ಲಿರುವ ಮೊಬೈಲನ್ನು ನೆನಪಿಸಬೇಕಾದೀತು. ೨೦೦೫-೦೬ರ ಸುಮಾರಿನಲ್ಲಿ, ಒಮ್ಮೆ ಸಾವಿರಕ್ಕೆ ಒಂದು ಕಡಿಮೆ ಕೊಟ್ಟರೆ ಜೀವನಪರ್ಯಂತ ಒಳಕರೆ ಬರುತ್ತದೆಂದು ಸಿಮ್ಮುಗಳನ್ನು ಮಾರಿದರು. ಹಳ್ಳಿಹಳ್ಳಿಗಳಲ್ಲಿ ಜನ ಕೊಂಡರು. ೨೦೧೮ರ ಕೊನೆಗೆ, ತಿಂಗಳಿಗೆ ಇಷ್ಟಾದರೂ ಹಾಕಿಸದಿದ್ದರೆ ಕರೆ ನಿಲ್ಲುವುದೆಂಬ ಸಂದೇಶ ಬಂತು. ಜೀವನವಿನ್ನೂ ಮುಗಿದಿರಲಿಲ್ಲ, ಪರ್ಯಂತ ಮುಗಿದಿತ್ತು.

ಇದೇ ಸೀಮೆ ಬೇರೊಂದು ಬಗೆಯ ವಾಗ್ದಾನವನ್ನೂ ಕಂಡಿದೆ. ಹಿಪ್ಪರಗಿಯಿಂದ ಹೊಳೆಯಗುಂಟ ಕೆಳಕ್ಕೆ ಹೋದರೆ ಚಿಕ್ಕಪಡಸಲಗಿ ಸಿಗುತ್ತದೆ. ೧೯೮೯ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಮ್ಮದೇ ಹಣವನ್ನೂ ಬೆವರನ್ನೂ ಹಾಕಿ ಅಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ‘ಶ್ರಮಬಿಂದು ಸಾಗರ’ವೆಂದು ಅದರ ಹೆಸರು. ನೀರು ನಿಂತೀತೆಂಬ ಮಾತನ್ನು ನಂಬಿಯೇ ರೈತ ವಂತಿಗೆ ಕೊಟ್ಟದ್ದು. ಆದರೆ ಹಾಕಿದ ಕಲ್ಲನ್ನು ಅವನು ಹೋಗಿ ಮುಟ್ಟಿ ನೋಡಬಹುದಾಗಿತ್ತು. ನೀರು ನಿಂತಿತು. ಕಬ್ಬಿನ ಮಾತಿಗೆ ಬಂದರೆ, ಕಬ್ಬು ತಲುಪಿದ ೧೪ ದಿನಗಳಲ್ಲಿ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ ೧೫ರಂತೆ ಬಡ್ಡಿ ಕೊಡಬೇಕೆಂದು ೧೯೬೬ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದು ಎಷ್ಟರಮಟ್ಟಿಗೆ ನಡೆಯುತ್ತದೆಂಬುದನ್ನು ಮುಧೋಳ, ಜಮಖಂಡಿಗಳ ಬೆಳೆಗಾರರನ್ನೇ ಕೇಳಬೇಕು. ಆದರೂ ಕೈಯಲ್ಲಿ ಹಿಡಿದು ಜಗಳಾಡಲು ಅವರಿಗೊಂದು ಕಾಗದವಿದೆ, ಆ ಕಾಗದವನ್ನು ಬರೆದವನು ಕಾರ್ಖಾನೆಯವನಲ್ಲ.

ಮೈಲಿಯವರಿಗೂ ಅಂಥ ಕಾಗದವೊಂದು ಸಿಕ್ಕೀತೇ? ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ೨೦೨೦ರ ಜುಲೈಯಿಂದ ಜಾರಿಗೆ ಬಂದಿದೆ. ಅದರಲ್ಲಿ ‘ಅನ್ಯಾಯದ ಕರಾರು’ ಎಂಬ ಹೊಸ ವಿಭಾಗವುಂಟು. ಯುಕ್ತವಾದ ಕಾರಣವಿಲ್ಲದೆ ಒಂದೇ ಪಕ್ಷದವರು ಕರಾರನ್ನು ಕೊನೆಗಾಣಿಸಬಹುದೆಂಬಂಥ, ಗ್ರಾಹಕನ ಹಕ್ಕುಗಳನ್ನು ಗಣನೀಯವಾಗಿ ಬದಲಿಸುವಂಥ ಷರತ್ತುಗಳನ್ನು ಅದರಡಿ ಪ್ರಶ್ನಿಸಬಹುದು. ಆದರೆ ಆ ದೂರನ್ನು ಜಿಲ್ಲಾ ಆಯೋಗದಲ್ಲಿ ಕೊಡುವಂತಿಲ್ಲ. ರಾಜ್ಯ ಆಯೋಗದ ಮೆಟ್ಟಿಲನ್ನೇ ಹತ್ತಬೇಕು. ಒಂದು ಮುಕ್ಕಾಲು ಟಿಕೀಟಿಗಾಗಿ ಅಷ್ಟು ದೂರ ಯಾರು ಹತ್ತಿಯಾರು? ಕಾನೂನಿಗಿಂತ ಗದ್ದಲವೇ ಬೇಗ ಫಲ ಕೊಟ್ಟ ನಿದರ್ಶನವೂ ಇದೆ. ೨೦೨೩ರ ಸೆಪ್ಟೆಂಬರಿನಲ್ಲಿ ಡೆಲ್ಟಾ ಸಂಸ್ಥೆ ತನ್ನ ಸದಸ್ಯರ ಸೌಲಭ್ಯಗಳಿಗೆ ಕತ್ತರಿ ಹಾಕಿದಾಗ ಎದ್ದ ಕೂಗಿಗೆ ಅದರ ಮುಖ್ಯಾಧಿಕಾರಿಯೇ ತಾವು ಅತಿಯಾಗಿ ಹೋದೆವೆಂದು ಒಪ್ಪಿಕೊಂಡು, ಮರುತಿಂಗಳು ಕೆಲವನ್ನು ಹಿಂದಕ್ಕೆ ಪಡೆದರು. ಕೆಲವನ್ನು ಮಾತ್ರ.

ನಮ್ಮ ಹುಡುಗ ಗದ್ದಲ ಮಾಡುವವನಲ್ಲ. ಅವನಿಗೆ ಹಣದ ನಷ್ಟ ಅಷ್ಟಾಗಿ ತಾಗಲಿಲ್ಲ. ರೊಕ್ಕ ಕೊಟ್ಟು ಮೂರು ಟಿಕೀಟು ತರಲು ಶಕ್ತನೇ ಇದ್ದಾನೆ. ಅವನಿಗೆ ನೋವಾದದ್ದು ಬೇರೆ ಕಾರಣಕ್ಕೆ. “ನಸಿಕಿನ್ಯಾಗ ಎದ್ದು ಓಡಾಡಿದಾಗೆಲ್ಲಾ, ಇದು ಅವ್ವನ ಸಲುವಾಗಿ ಅಂತ ಅನಕೋತಿದ್ದೆ ಮಾಮಾ. ಅವರು ಆ ಎಣಿಕಿನs ಅಳಿಸಿಬಿಟ್ರು” ಎಂದ. ಅವನು ತಾಯಿಗೆ ಕೊಟ್ಟ ಮಾತು ಕಂಪನಿ ಅವನಿಗೆ ಕೊಟ್ಟ ಮಾತಿನ ಮೇಲೆ ನಿಂತಿತ್ತು, ಕೆಳಗಿನದು ಸರಿಯಿತು.

ಟಿಕೀಟು ಕೊಂಡು ವಿಮಾನದಲ್ಲಿಯೇ ಹೋಗೋಣವೆಂದು ಅವನು ಎಷ್ಟು ಹೇಳಿದರೂ ನನ್ನ ತಂಗಿ ಒಪ್ಪಲಿಲ್ಲ. ಅಷ್ಟು ರೊಕ್ಕ ಕೊಟ್ಟು ಮೋಡ ನೋಡುವುದು ಬೇಡ, ರೈಲಿನಲ್ಲಿ ಹೋದರೆ ನಡುವಿನ ಊರುಗಳಾದರೂ ಕಾಣುತ್ತವೆ ಎಂದಳು. ಹೊರಡುವ ಹಿಂದಿನ ದಿನ, ಕಾಶಿಗೆ ಹೋಗುವವರು ಊರಿನ ಋಣ ಉಳಿಸಿಕೊಂಡು ಹೋಗಬಾರದೆಂದು ಕಿರಾಣಿ ಅಂಗಡಿಯ ಉದ್ರಿ ತೀರಿಸಲು ಮಗನನ್ನು ಕರೆದುಕೊಂಡು ಹೊರಟಳು. ನಾನೂ ಹಿಂದೆ ಹೋದೆ. ಅಂಗಡಿಯ ಮುದುಕರು ಕೆಂಪು ಬಟ್ಟೆಯ ಉದ್ದನೆಯ ಪುಸ್ತಕವನ್ನು ತೆಗೆದು, ಹಾಳೆಗಳನ್ನು ಬಹಳ ಹೊತ್ತು ತಿರುವಿದರು.

“ಅಕ್ಕಾರ, ನೀವು ಕೊಡೂದ ಏನೂ ಇಲ್ಲ. ಹ್ವಾದ ಯುಗಾದಿಗಿ ಬೆಲ್ಲದ ಲೆಕ್ಕದಾಗ ನಾನs ತಪ್ಪಿದ್ದೆ. ನಿಮ್ಮದs ನಲವತ್ತೆರಡು ರೂಪಾಯಿ ನಮ್ಮ ಕಡೆ ಅದ” ಎಂದು ಗಲ್ಲೆಯಿಂದ ನೋಟುಗಳನ್ನು ಎಣಿಸಿ ಕೊಟ್ಟು, ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ ಹಿಡಿದರು. ತಂಗಿಗೆ ಓದು ಬಾರದು. ಹುಡುಗ ಬಗ್ಗಿ ಆ ಸಾಲನ್ನು ಬೆರಳಿಟ್ಟು ಓದಿದ.